ಐದು ನಂಬರಿನ ಜಗಳ

“ಯಮುನಮ್ಮ, ಎಲ್ಲರನ್ನೂ ಕೂಡಿಸವ್ವ. ಇವತ್ತು ಆ ಮೊಣ್ಣಪ್ಪನ ಕೈಲಿ ಸಹಿ ಹಾಕ್ತೀನಿ ಅನ್ನಿಸದೆ ಫೋನ್ ಇಡಲ್ಲ ನಾನು.”

ಏಳನೇ ನಂಬರಿನ ಚನ್ನಮಲ್ಲಪ್ಪನವರು, ಸೋಮವಾರಪೇಟೆಯ ಏಲಕ್ಕಿ ವ್ಯಾಪಾರಿ. ಟ್ರಂಕ್ ಕರೆಗಳ ಗಲಾಟೆ ತಗ್ಗುವ ಮಧ್ಯಾಹ್ನದ ಮೂರೂವರೆಗೆ ಕರೆ ಬಂತೆಂದು ತೋರಿಸುವ ಅವರ ನಂಬರಿನ ಪುಟ್ಟ ಮುಚ್ಚಳ ಸ್ವಿಚ್‌ಬೋರ್ಡಿನ ಮೇಲೆ ಟಪ್ಪೆಂದು ಬೀಳುವುದು ವಾಡಿಕೆ. ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಆಪರೇಟರ್ ಯಮುನ ಹೆಡ್‌ಫೋನ್ ಸರಿಪಡಿಸಿಕೊಂಡು, ಒಂದೊಂದೇ ವೈರು ಸಿಕ್ಕಿಸಿ, ಐದು ಮನೆಗಳನ್ನು ಒಂದೇ ಮಾತಿಗೆ ತಂದಳು. ಇಲಾಖೆಯ ನಿಯಮದಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಆದರೂ ಮೂರು ವರ್ಷದಿಂದ ನಡೆದುಬಂದಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು ಸರಿಯೋ ತಪ್ಪೋ ಎಂದು ಶುರುವಾದ ವಾದ, ನಮ್ಮ ಮನೆಯ ರೇಡಿಯೊಗೆ ಸರ್ಕಾರದ ಲೈಸೆನ್ಸ್ ಯಾಕೆ ಬೇಕು, ಕೆಸರು ದಾರಿಗೆ ಜೀಪು ಮೇಲೋ ಎತ್ತಿನ ಗಾಡಿ ಮೇಲೋ ಎಂದೆಲ್ಲ ಸುತ್ತಾಡಿ, ಈಗ ಯಮುನಳ ಮೇಜಿಗೇ ಬಂದು ನಿಂತಿತ್ತು.

ಚಂದಾದಾರರೆಲ್ಲ ಒಪ್ಪಿ ಸಹಿ ಹಾಕಿದರೆ ಪೇಟೆಗೆ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಕೊಡುವುದಾಗಿ ಇಲಾಖೆ ಬರೆದಿತ್ತು. ಬೇಕಾದ ನಂಬರನ್ನು ತಾವೇ ತಿರುಗಿಸಿಕೊಳ್ಳಬಹುದು, ನಡುವೆ ಆಪರೇಟರ್ ಇರುವುದಿಲ್ಲ. ಉಳಿದೆಲ್ಲರ ಸಹಿಯೂ ಬಿದ್ದಿತ್ತು. ಕಾಫಿ ತೋಟದ ಮೊಣ್ಣಪ್ಪನವರೊಬ್ಬರದೇ ಬಾಕಿ.

“ನಾನು ಮಂಡಿಗೆ ಏಲಕ್ಕಿ ರೇಟು ಹೇಳ್ತೀನಿ. ಮಧ್ಯೆ ಇನ್ನೊಂದು ಕಿವಿ ಯಾಕಯ್ಯ ಇರಬೇಕು?” ಎಂದರು ಚನ್ನಮಲ್ಲಪ್ಪ. “ಯಮುನಮ್ಮ ಒಳ್ಳೆಯವಳು, ಇಲ್ಲ ಅನ್ನಲ್ಲ. ನಾಳೆ ಬರೋಳು ಹೆಂಗೋ ಏನೋ!”

“ನಿನ್ನ ರೇಟು ತಿಳಿಯೋಕೆ ಆಪರೇಟರ್ ಬೇಕಾ ಮಾರಾಯ? ನೀನು ಕೂಗೋದು ಬಸ್‌ಸ್ಟ್ಯಾಂಡಿಗೇ ಕೇಳುತ್ತೆ,” ಎಂದರು ಮೊಣ್ಣಪ್ಪ. ಐದು ಮನೆಗಳ ನಗು ಒಟ್ಟಿಗೇ ಯಮುನಳ ಕಿವಿಗೆ ನುಗ್ಗಿತು. ಅವರು ಅಷ್ಟಕ್ಕೇ ಬಿಡಲಿಲ್ಲ. “ಡಾಕ್ಟರು ಮನೇಲಿಲ್ಲ ಅಂದ್ರೆ ಯಾವ ತೋಟಕ್ಕೆ ಹೋಗಿದ್ದಾರೆ ಅಂತ ಈ ಹುಡುಗಿ ಹೇಳ್ತಾಳೆ. ನಿನ್ನ ಮಿಷನ್ ಹೇಳುತ್ತಾ?”

“ಅದನ್ನೇ ಕಣಯ್ಯ ನಾನೂ ಕೇಳ್ತಿರೋದು. ಡಾಕ್ಟರು ಎಲ್ಲಿದ್ದಾರೆ ಅಂತ ಅವಳಿಗೆ ಹೆಂಗೆ ಗೊತ್ತು?”

ನಗು ನಿಂತಿತು. “ಹಾಗಾದ್ರೆ ಅವಳನ್ನೇ ಕೇಳೋಣ,” ಎಂದರು ಮೊಣ್ಣಪ್ಪ. “ಯಮುನ, ನೀನೇ ಹೇಳು.”

ಮೂರು ವರ್ಷದಲ್ಲಿ ಅವಳು ಈ ಜಗಳಕ್ಕೆ ಒಂದು ಮಾತೂ ಸೇರಿಸಿದವಳಲ್ಲ. ಮುಖ ನೋಡದವರನ್ನೂ ದನಿಯಿಂದಲೇ ಬಲ್ಲಳು. ಕೆಮ್ಮಿ ಮಾತು ಶುರುಮಾಡುವವರು ಯಾರು, ಯಾರ ಮನೆಯ ಗಡಿಯಾರ ಐದು ನಿಮಿಷ ಮುಂಚೆ ಹೊಡೆಯುತ್ತದೆ, ಎಲ್ಲ ಗೊತ್ತು. ಯಂತ್ರ ಬಂದರೆ ಅವಳ ಹಂಗಾಮಿ ಕೆಲಸ ಉಳಿಯುವುದಿಲ್ಲವೆಂದು ಪೋಸ್ಟ್‌ಮಾಸ್ಟರರು ಮೊದಲೇ ಹೇಳಿದ್ದರು. ಭಾಗಮಂಡಲದಲ್ಲಿದ್ದ ಅವ್ವನಿಗೆ ಅವಳ ಸಂಬಳವೇ ಆಧಾರ. ಬೇಡ ಎಂದರೆ ಸಾಕಿತ್ತು.

“ಬರಲಿ ಸಾರ್,” ಎಂದಳು. “ಮಾತು ಮುಗೀತಾ ಅಂತ ನೋಡೋಕೆ ನಾನು ಲೈನಿಗೆ ಬರಲೇಬೇಕು. ಹೋದ ತಿಂಗಳು ಹಾಗೆ ಬಂದಾಗ ಒಬ್ಬರು ಅಳ್ತಾ ಇದ್ದರು. ಹೆಂಡತಿ ಕಾಯಿಲೆ ವಾಸಿಯಾಗೋದಲ್ಲ, ಅವಳಿಗಿನ್ನೂ ಹೇಳಿಲ್ಲ ಅಂತಿದ್ದರು. ಅವತ್ತು ನಂಗೆ ಊಟ ಸೇರಲಿಲ್ಲ. ಅದು ನಾನು ಕೇಳಬೇಕಾದ ಮಾತಲ್ಲ ಸಾರ್.”

ಹೆಸರು ಹೇಳಿರಲಿಲ್ಲ. ಆದರೂ ಇಷ್ಟು ಹೇಳಿದ್ದೇ ಹೆಚ್ಚಾಯಿತೆಂದು ನಾಲಿಗೆ ಕಚ್ಚಿಕೊಂಡಳು. ಎಲ್ಲರಿಗಿಂತ ಮೊದಲು ಫೋನ್ ಇಟ್ಟವರು ಮೊಣ್ಣಪ್ಪ.

ಮರುದಿನ ಬೆಳಿಗ್ಗೆ ಅವರೇ ಅಂಚೆ ಕಚೇರಿಗೆ ಬಂದರು. ಗಟ್ಟಿ ದನಿ ಕೇಳಿ ದಾಂಡಿಗ ಆಳೆಂದುಕೊಂಡಿದ್ದವಳಿಗೆ ಕಂಡದ್ದು ಸಣಕಲು ಮನುಷ್ಯ. ಪೋಸ್ಟ್‌ಮಾಸ್ಟರರ ಮೇಜಿನ ಮೇಲೆ ಬಗ್ಗಿ ಸಹಿ ಹಾಕಿ, ಅವಳ ಕೋಣೆಯ ಬಾಗಿಲಿಗೆ ಬಂದು ನಿಂತರು.

“ಅದು ಯಾರ ಮಾತು ಅಂತ ನಂಗೆ ಗೊತ್ತುಟ್ಟು ಮಗಳೇ,” ಎಂದರು, ‘ಉಂಟು’ ಎನ್ನಲು ‘ಉಟ್ಟು’ ಎನ್ನುವ ಅವಳ ಮನೆಮಾತಿನ ರಾಗದಲ್ಲೇ.

“ತಪ್ಪಾಯ್ತು ಮಾವ.”

“ತಪ್ಪಲ್ಲ. ನಿನ್ನ ಕೆಲಸ ಹೋಗುತ್ತಲ್ಲ ಅಂತ ಸಹಿ ಹಾಕದೆ ಕೂತಿದ್ದೆ. ನೀನೇ ಹಾಗೆ ಹೇಳಿದ ಮೇಲೆ...” ಕೊಡೆಯ ಹಿಡಿಯನ್ನು ಒಮ್ಮೆ ಸವರಿಕೊಂಡರು. “ನಿನ್ನೆ ಸಂಜೆ ಹೆಂಡತಿ ಹತ್ರ ಎಲ್ಲ ಹೇಳ್ದೆ. ಅವಳಿಗೆ ಮೊದಲೇ ಗೊತ್ತಿತ್ತು.”

ಯಂತ್ರ ಬಂತು. ಅದಕ್ಕೆ ಹೂವಿನ ಹಾರ ಹಾಕಿದರು, ಫೋಟೊ ತೆಗೆಸಿಕೊಂಡರು. ಯಮುನ ಏಳು ತಿಂಗಳು ಅವ್ವನ ಜೊತೆ ಭಾಗಮಂಡಲದಲ್ಲಿದ್ದು, ಜಾಗವೊಂದು ಖಾಲಿಯಾದಾಗ ಅದೇ ಅಂಚೆ ಕಚೇರಿಯ ಸ್ಟಾಂಪಿನ ಕಿಟಕಿಗೆ ಮರಳಿದಳು. ಹಿಂದಿನ ಕೋಣೆಗೆ ಬೀಗ. ಒಳಗೆ ಯಂತ್ರ ತನ್ನಷ್ಟಕ್ಕೆ ಟಕಟಕ ಎನ್ನುತ್ತಿತ್ತು. ಯಾರೋ ಯಾರೊಡನೆಯೋ ಮಾತಾಡುತ್ತಿದ್ದಾರೆ ಎಂಬುದಷ್ಟೇ ಅದರಿಂದ ತಿಳಿಯುತ್ತಿತ್ತು. ಮಧ್ಯಾಹ್ನ ಇಳಿಯುತ್ತಿದ್ದಂತೆ ಆ ಐವರ ನಗು ಅವಳಿಗೆ ಸುಮ್ಮಸುಮ್ಮನೆ ನೆನಪಾಗುತ್ತಿತ್ತು. ಕೇಳಬಾರದೆಂದು ತಾನೇ ಹೇಳಿದವಳು, ಯಾರ ಹತ್ತಿರ ಹೇಳಿಕೊಂಡಾಳು?

ಒಂದು ದಿನ ಕಿಟಕಿಯಾಚೆ ಯಾರೋ ಇನ್‌ಲ್ಯಾಂಡ್ ಕಾಗದ ಕೇಳಿದರು. ತಲೆಯೆತ್ತುವ ಮೊದಲೇ ಅವಳಿಗೆ ಗುರುತು ಹತ್ತಿತು.

“ಯಾರಿಗೆ ಕಾಗದ, ಚನ್ನಮಲ್ಲಪ್ಪ ಸಾರ್?”

“ಮೊಣ್ಣಪ್ಪನಿಗೆ.”

“ಅವರ ಮನೇಲಿ ಫೋನ್ ಉಂಟಲ್ಲ!”

“ಇದೆ. ನಂಬರ್ ತಿರುಗಿಸಿದ್ರೆ ಕ್ಷಣದಲ್ಲಿ ಸಿಕ್ತಾನೆ. ನಾನೊಂದು ಅಂತೀನಿ, ಅವನು ಹೂಂ ಅಂತಾನೆ, ಮುಗೀತು. ಈಗ ಐದು ಮನೆ ಕೂಡಿಸೋರಿಲ್ಲ, ಕಾಗದದಲ್ಲಾದ್ರೂ ಕೆಣಕಿ ನೋಡ್ತೀನಿ.” ಅವರು ಕಾಗದವನ್ನು ಜೇಬಿಗಿಟ್ಟುಕೊಂಡರು. ಹೊರಟವರು ತಿರುಗಿ ನೋಡಿದರು.

“ಕೇಳೋರೇ ಇಲ್ದಿದ್ರೆ ಜಗಳ ಆಡೋದು ಹೆಂಗವ್ವ?”