ಡಬ್ಬಿಯಣ್ಣ ಕಟ್ಟಿಟ್ಟು ಹೋದದ್ದು

ಊಟದ ಹೊತ್ತು ಮೀರುತ್ತಿತ್ತು. ಡ್ರಾಯಿಂಗ್ ಮೇಷ್ಟ್ರ ಎದುರಿನ ರೋಬೋ ಕೈ ಮಾತ್ರ ಮೇಜಿನ ಮೇಲೆ ತೆಪ್ಪಗೆ ಬಿದ್ದುಕೊಂಡಿತ್ತು. ರಿಪೇರಿಗೆ ಬಂದಿದ್ದ ಇಂಜಿನಿಯರ್ ಅದರ ಸಾಫ್ಟ್‌ವೇರನ್ನು ಮತ್ತೊಮ್ಮೆ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ ನೋಡಿದಳು. ಪರದೆಯ ತುಂಬ ತಪ್ಪಿದೆ ಎನ್ನುವ ಮತ್ತದೇ ಕೆಂಪು ಅಕ್ಷರ.

ಮೇಷ್ಟ್ರ ಎರಡೂ ಕೈಗಳ ಶಕ್ತಿ ಕಾಯಿಲೆಯಲ್ಲಿ ಉಡುಗಿಹೋಗಿತ್ತು. ಈ ಯಂತ್ರ ಬಂದ ಮೇಲೆ ಗದ್ದದಿಂದ ಒಂದು ಗುಂಡಿ ಒತ್ತಿದರೆ ಸಾಕು, ಚಮಚ ತಾನಾಗಿ ಬಾಯಿಗೆ ಬರುತ್ತಿತ್ತು. ಹೋದ ವಾರ ಅದರ ಕಂಪ್ಯೂಟರ್ ಸುಟ್ಟುಹೋಗಿ, ಉಣಿಸುವ ಕೆಲಸ ಮತ್ತೆ ಹೆಂಡತಿಯ ಪಾಲಿಗೆ ಬಂತು. ಮೇಷ್ಟ್ರು ಗೊಣಗಲಿಲ್ಲ, ಆದರೆ ನಾಲ್ಕು ಚಮಚಕ್ಕೇ ಸಾಕು ಅನ್ನತೊಡಗಿದರು. ‘ನನ್ನ ಊಟ ಆರಿಹೋಗುತ್ತೆ ಅಂತ ಹೊಟ್ಟೆ ಕಟ್ಟಿಕೊಳ್ತಾರಮ್ಮ’ ಎಂದು ಆಕೆ ಅಡುಗೆಮನೆಯಲ್ಲಿ ಇಂಜಿನಿಯರ್ ಕಿವಿಯಲ್ಲಿ ಹೇಳಿದ್ದರು.

ಹೊಸ ಕಂಪ್ಯೂಟರೇನೋ ತಂದಾಗಿತ್ತು. ಆದರೆ ಹಳೆಯ ಸಾಫ್ಟ್‌ವೇರಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಬೇರೆ ದಾರಿ ಕಾಣದೆ ಅವಳು, ಆ ಸಾಫ್ಟ್‌ವೇರನ್ನು ಬರೆದು ಈಗ ಬೇರೆ ಕೆಲಸಕ್ಕೆ ಹೋಗಿರುವ ಡಬ್ಬಿಯಣ್ಣನಿಗೆ ಫೋನು ಮಾಡಿದಳು. ಆಫೀಸು ಇಟ್ಟ ಹೆಸರು ಅದು. ಏನೇ ಬರೆದರೂ ಕಂಪೈಲ್ ಮಾಡಿ, ಅದಕ್ಕೆ ಬೇಕಾದ ಸರಂಜಾಮನ್ನೆಲ್ಲ ಸೇರಿಸಿ, ಕಂಟೇನರ್ ಎಂಬ ಸಾಫ್ಟ್‌ವೇರ್ ಡಬ್ಬಿಯಲ್ಲಿ ಭದ್ರ ಮಾಡದೆ ಅವನು ಮನೆಗೆ ಹೋಗುತ್ತಿರಲಿಲ್ಲ. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಮಾರಾಯ ಎಂದು ಎಲ್ಲರೂ ಕಾಲೆಳೆಯುತ್ತಿದ್ದರು.

“ಮತ್ತೆ ಕಂಪೈಲ್ ಯಾಕೆ ಮಾಡ್ತೀಯಾ? ನಾನು ಮಾಡಿಟ್ಟೇ ಬಂದಿದೀನಿ,” ಅಂದ ಡಬ್ಬಿಯಣ್ಣ. “ಸರ್ವರ್‌ನಲ್ಲಿ ಆ ಕಂಟೇನರ್ ಹಾಗೇ ಇರುತ್ತೆ, ಇಳಿಸಿಕೋ. ಹೊಸದಾಗಿ ಅಡುಗೆ ಮಾಡೋಕೆ ಹೋಗಬೇಡ, ಬಿಸಿ ಮಾಡಿ ಬಡಿಸು ಸಾಕು.”

ಇತ್ತು. ಇಳಿಸಿಕೊಂಡಳು. ಆದರೂ ಕೈ ಮಿಸುಕಲಿಲ್ಲ. ಮುಚ್ಚಿದ ಡಬ್ಬಿಯೊಳಗಿಂದ ಸಾಫ್ಟ್‌ವೇರಿಗೆ ಹೊರಗೆ ಕೈಗೆ ಹೋಗುವ ಕೇಬಲ್ ಕಾಣಿಸುತ್ತಿಲ್ಲ, ಒಂದು ಕಿಟಕಿ ಕೊರೆದು ಕೊಡು ಎಂದು ಅವನೇ ನಗುತ್ತ ಹೇಳಿ, ಬರೆಯಬೇಕಾದ ಸಾಲನ್ನು ಅಕ್ಷರ ಅಕ್ಷರವಾಗಿ ಬರೆಸಿದ. ಮೊಣಕೈ ಕೀಲು ಗುಂಯ್ ಅಂದಿತು. ಎಷ್ಟೋ ದಿನ ಮಲಗಿದ್ದವರು ಎದ್ದು ಕೂತ ಹಾಗೆ ಕೈ ನಿಧಾನಕ್ಕೆ ಮೇಲೆದ್ದಿತು. ಅವಳು “ಥ್ಯಾಂಕ್ಸ್ ಅಣ್ಣಾ” ಅನ್ನುವಷ್ಟರಲ್ಲಿ ಅವನು ಮೇಷ್ಟ್ರಿಗೆ ಮೊದಲು ಊಟ ಹಾಕು ಎಂದು ಫೋನಿಟ್ಟಿದ್ದ.

ಹೆಂಡತಿ ಬಿಸಿ ಸೂಪಿನ ಬಟ್ಟಲು ತಂದಿಟ್ಟು, ಎಂದಿನಂತೆ ಗಂಡನ ಎಡಗಡೆ ಕೂತರು. ಇಂಜಿನಿಯರ್ ಕೈಯ ಚಲನೆಗಳಿಗೆಂದು ಬರೆದಿಟ್ಟ ಸ್ಕ್ರಿಪ್ಟುಗಳನ್ನು ಒಂದೊಂದಾಗಿ ಓಡಿಸಿ ನೋಡಿದಳು. ಬಟ್ಟಲಿಗೆ ಹೋಗುವುದು ಸರಿ. ಬಾಯಿಗೆ ಬರುವುದು ಸರಿ. ಕೊನೆಯಲ್ಲಿ ‘ಎಡಕ್ಕೆ’ ಎಂಬ ಇನ್ನೊಂದು ಉಳಿದಿತ್ತು. ಅವಳು ಇಷ್ಟು ಹೊತ್ತು ಕಂಪೈಲ್ ಮಾಡುತ್ತಿದ್ದ ಆಫೀಸಿನ ಪ್ರತಿಯಲ್ಲಿ ಇಂಥದೊಂದು ಇರಲೇ ಇಲ್ಲ. ಕಂಪೈಲ್ ಆದದ್ದನ್ನು ಬಿಚ್ಚಿ ಓದಲಿಕ್ಕೂ ಬರುವುದಿಲ್ಲ. ಓಡಿಸಿದರೆ ಮಾತ್ರ ಗೊತ್ತು. ಇದನ್ನು ಮುಟ್ಟುವುದು ಬೇಡ ಎಂದು ಅವಳು ತನ್ನಷ್ಟಕ್ಕೆ ಅಂದುಕೊಂಡದ್ದು ಮೇಷ್ಟ್ರಿಗೆ ಕೇಳಿಸಿತು.

“ಅದನ್ನೂ ಓಡಿಸಮ್ಮ,” ಅಂದರು.

“ಏನು ಮಾಡುತ್ತೋ ಗೊತ್ತಿಲ್ಲ ಸರ್.”

“ನನಗೆ ಗೊತ್ತು. ಅವನು ಕೆಲಸ ಬಿಡೋ ಮುಂಚೆ ನಾನೇ ಕೇಳಿ ಬರೆಸಿಕೊಂಡದ್ದು. ಆಮೇಲೆ ಓಡಿಸಿ ಅನ್ನೋಕೆ ನಾಚಿಕೆ ಆಯ್ತು.”

ಅವಳು ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಓಡಿಸಿದಳು. ಚಮಚ ಸೂಪಿಗೆ ಇಳಿಯಿತು, ತುಂಬಿಕೊಂಡು ಎದ್ದಿತು, ಮೇಷ್ಟ್ರ ಬಾಯಿಯ ಮುಂದೆ ನಿಲ್ಲದೆ ಹಾಗೇ ದಾಟಿ ಎಡಕ್ಕೆ ತಿರುಗಿತು. ಅವಳ ಬೆರಳು ಬಿಗಿಯಾಯಿತು. ಒಮ್ಮೆ ಮೇಷ್ಟ್ರ ಮುಖ ನೋಡಿ, ಬೆರಳು ತೆಗೆದುಬಿಟ್ಟಳು.

ಒಂದು ಹನಿಯೂ ತುಳುಕದೆ ಚಮಚ ಹೆಂಡತಿಯ ತುಟಿಯ ಹತ್ತಿರ ಹೋಗಿ ನಿಂತಿತು. ಆಕೆ ಚಮಚ ನೋಡಿದರು, ಗಂಡನನ್ನು ನೋಡಿದರು. ಬಾಯಿ ತೆರೆಯುವುದೇ ಮರೆತುಹೋದಂತೆ ಕೂತಿದ್ದರು.

“ಊದಿಕೊಂಡು ಕುಡಿ,” ಅಂದರು ಮೇಷ್ಟ್ರು. “ಊದೋದು ಅದಕ್ಕೆ ಬರಲ್ಲ.”