ಬೀಗದ ಮಸೂದೆ

ಕಡಸಿನ ಹೊಟ್ಟೆಯೊಳಗೆ ಮೊಳಕೈವರೆಗೆ ಕೈ ಇಳಿಸಿ ಇಂಗ್ರಿಡ್ ಹಾಲ್ವರ್ಸನ್ ತಡಕಿದಳು. ಕರುವಿನ ಮೂತಿ ಸಿಕ್ಕಿತು, ಒಂದು ಗೊರಸು ಸಿಕ್ಕಿತು. ಇನ್ನೊಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಕೈ ಹೊರಗೆಳೆದು, ಬಾಲದ ಬುಡಕ್ಕೆ ನೋವು ತಿಳಿಯದಂತೆ ಮಾಡುವ ಇಂಜೆಕ್ಷನ್ ಚುಚ್ಚಿದಳು. ಬಾಲವನ್ನು ಎತ್ತಿ ಹಿಡಿದು ನಿಂತಿದ್ದವನು ಈ ಕೊಟ್ಟಿಗೆಯ ಯಜಮಾನ, ಸೆನೆಟರ್ ವೆಂಡೆಲ್ ಕ್ರೂಸ್. ಮೂರು ತಿಂಗಳಿಂದ ಅವಳ ಫೋನು ಎತ್ತದಿದ್ದವನೂ ಅವನೇ. ಊರಿನ ಇನ್ನೊಬ್ಬ ಪಶುವೈದ್ಯ ಅಂದು ಬೆಳಿಗ್ಗೆ ಸಿಗದಿದ್ದರಿಂದ ಅವನ ಹೆಂಡತಿ ಲೊರೇನ್ ಬೇರೆ ದಾರಿಯಿಲ್ಲದೆ ಇವಳನ್ನು ಕರೆಸಿದ್ದಳು.

“ಇದು ಹತ್ತೋಕೆ ಹತ್ತು ನಿಮಿಷ ಬೇಕು,” ಎಂದಳು ಇಂಗ್ರಿಡ್. “ಹತ್ತು ನಿಮಿಷ ಕೊಡಿ ಅಂತಾನೇ ನಾನು ಮೂರು ತಿಂಗಳಿಂದ ಕೇಳ್ತಿರೋದು, ವೆಂಡೆಲ್.”

“ಹಸು ಒದ್ದಾಡ್ತಿರೋವಾಗ ರಾಜಕೀಯ ಯಾಕೆ ಡಾಕ್ಟ್ರೇ?”

“ನೀವು ಹೂಂ ಅಂದ್ರೂ ಊಹೂಂ ಅಂದ್ರೂ ಕರು ತೆಗೆದುಕೊಟ್ಟೇ ಹೋಗ್ತೀನಿ. ಅದಕ್ಕೂ ಇದಕ್ಕೂ ಗಂಟು ಹಾಕಲ್ಲ. ಬಾಲ ಮಾತ್ರ ಬಿಡಬೇಡಿ.”

ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಿಯೇ ಇಡಬೇಕು ಎಂಬ ಮಸೂದೆ ಗುರುವಾರ ಸೆನೆಟ್ ಸಮಿತಿಯ ಮುಂದೆ ಬರುವುದಿತ್ತು. ಏಳು ಜನರಲ್ಲಿ ಮೂವರು ಪರ, ಮೂವರು ವಿರೋಧ. ಬಾಯಿ ಬಿಡದೆ ಉಳಿದವನು ವೆಂಡೆಲ್ ಒಬ್ಬನೇ. ಇಂಗ್ರಿಡ್ ಮತ್ತು ಅವಳಂತೆಯೇ ಮಕ್ಕಳನ್ನು ಕಳೆದುಕೊಂಡ ಹದಿನಾಲ್ಕು ಮಂದಿ ಎರಡು ವರ್ಷ ಊರೂರು ಅಲೆದು, ಚರ್ಚಿನ ಅಂಗಳಗಳಲ್ಲೂ ಕಿರಾಣಿ ಅಂಗಡಿಗಳ ಬಾಗಿಲಲ್ಲೂ ಸಹಿ ಬೇಡಿ ಅದನ್ನು ಅಲ್ಲಿಯವರೆಗೆ ತಂದಿದ್ದರು.

ತನ್ನ ಮಗಳು ಸಿಗ್ನೆಯ ವಿಷಯವನ್ನು ಅವಳು ದನದ ಕಾಯಿಲೆ ವಿವರಿಸುವಷ್ಟೇ ಸಮಾಧಾನದಿಂದ ಹೇಳಿದಳು. ಹನ್ನೊಂದು ವರ್ಷದ ಹುಡುಗಿ, ಶಾಲೆ ಬಿಟ್ಟ ಮೇಲೆ ಗೆಳತಿ ಡೆಲಾಳ ಮನೆಗೆ ನಕ್ಷೆ ಬರೆಯಲು ಹೋಗಿದ್ದಳು. ಬಿಸ್ಕತ್ತು ಹುಡುಕಲು ಅಡುಗೆಮನೆಯ ಬೀರು ತೆರೆದ ಡೆಲಾಳಿಗೆ ಸಕ್ಕರೆ ಡಬ್ಬದ ಹಿಂದೆ ಅಪ್ಪನ ಪಿಸ್ತೂಲು ಸಿಕ್ಕಿತು. ಗುಂಡಿಲ್ಲವೆಂದುಕೊಂಡಳು. ಆ ಅಪ್ಪ ಒಳ್ಳೆಯ ಮನುಷ್ಯ, ಈಗಲೂ ಒಳ್ಳೆಯ ಮನುಷ್ಯನೇ ಎಂದಳು ಇಂಗ್ರಿಡ್.

ವೆಂಡೆಲ್ ಕಡಸಿನ ಬೆನ್ನು ಸವರಿದ. “ನಮ್ಮನೇಲಿ ನಲವತ್ತು ವರ್ಷದಿಂದ ಬಂದೂಕಿದೆ. ಯಾರಿಗೂ ಒಂದು ಗೀರೂ ಆಗಿಲ್ಲ.”

“ಅವರ ಮನೇಲೂ ಆಗಿರ್ಲಿಲ್ಲ. ಆ ಮಂಗಳವಾರ ನಾಲ್ಕು ಗಂಟೆವರೆಗೂ.”

ತಾನೇನು ಕಟುಕನಲ್ಲ, ಆದರೆ ಇವತ್ತು ಬೀಗ ಅಂದವರು ನಾಳೆ ಬಂದೂಕನ್ನೇ ಕಿತ್ತುಕೊಳ್ಳುತ್ತಾರೆ ಅಂತ ತನ್ನ ಜನ ನಂಬಿದ್ದಾರೆ, ಅವರ ಎದುರು ಹೋದರೆ ಮುಂದಿನ ಸಲ ತನ್ನನ್ನು ಮನೆಯಲ್ಲಿ ಕೂರಿಸುತ್ತಾರೆ ಎಂದು ಅವನು ಹೇಳಿದ. ತನ್ನ ಮನೆಯಲ್ಲೂ ಎರಡು ರೈಫಲ್ ಇವೆ, ಪ್ರತಿ ನವೆಂಬರಿನಲ್ಲೂ ಜಿಂಕೆ ಬೇಟೆಗೆ ಹೋಗುತ್ತೇನೆ, ಬೀಗ ಹಾಕಿದ ಮೇಲೆ ಯಾರೂ ಬಂದು ಒಯ್ದಿಲ್ಲ ಎಂದಳು ಇವಳು. ಬಿಸಿನೀರಿನ ಬಕೆಟ್ಟು ಹಿಡಿದು ನಿಂತಿದ್ದ ಲೊರೇನ್ ಒಂದು ಹೆಜ್ಜೆ ಮುಂದೆ ಬಂದಳು. ಈಗ ಒಂದೇ ಮಾತು ಕೇಳಿದಳು.

“ಆ ಹುಡುಗಿ ಡೆಲಾ ಈಗ ಹೇಗಿದಾಳೆ?”

“ಯಾರ ಮನೆಗೂ ಆಡೋಕೆ ಹೋಗಲ್ಲ. ಯಾರೂ ಕರೆಯೋದೂ ಇಲ್ಲ.”

ಲೊರೇನ್ ಬಕೆಟ್ಟನ್ನು ಕೆಳಗಿಟ್ಟಳು.

ಇಂಜೆಕ್ಷನ್ ಹತ್ತಿತ್ತು. ಇಂಗ್ರಿಡ್ ಮತ್ತೆ ಕೈ ಇಳಿಸಿ ಮಡಚಿದ ಕಾಲನ್ನು ನೇರ ಮಾಡಿ, ಎರಡಕ್ಕೂ ಹಗ್ಗ ಬಿಗಿದಳು. ಮೂವರೂ ಸೇರಿ ಎಳೆದರು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ವೆಂಡೆಲ್ ಮಂಡಿಯೂರಿ ಅದರ ಮೂಗಿನ ಲೋಳೆಯನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿದ. ಅದು ಸೀನಿದಾಗ ಅವನ ಕಣ್ಣು ತುಂಬಿತ್ತು. ಹಾಗೆಂದು ಮಾತು ಬದಲಾಗಲಿಲ್ಲ.

“ನಿಮಗೆ ಸುಳ್ಳು ಹೇಳಿ ಕಳಿಸಲ್ಲ ಡಾಕ್ಟ್ರೇ. ಗುರುವಾರ ನನ್ನ ಕೈ ಏಳಲ್ಲ.”

ಇಂಗ್ರಿಡ್ ತೋಳು ತೊಳೆದುಕೊಂಡಳು. “ಮುಂದಿನ ಸಾಲಲ್ಲೇ ಕೂತಿರ್ತೀನಿ. ನನ್ನ ಮುಖ ನೋಡ್ಕೊಂಡು ಬೇಡ ಅನ್ನಿ.”

ಗುರುವಾರ ಸಮಿತಿಯ ಸಭೆಯಲ್ಲಿ ಅವನು ಅವಳ ಮುಖ ನೋಡಲಿಲ್ಲ. ಎದುರಿದ್ದ ಕಾಗದ ನೋಡುತ್ತ ಬೇಡ ಅಂದ. ಒಂದೇ ಮತದಿಂದ ಮಸೂದೆ ಬಿತ್ತು. ಬೆಂಚಿನಲ್ಲಿ ತಲೆ ಹಿಡಿದು ಕೂತ ಒಬ್ಬ ತಂದೆಯ ಭುಜ ತಟ್ಟಿ ಎಬ್ಬಿಸಿ, ಇಂಗ್ರಿಡ್ ಮೊಗಸಾಲೆಯ ಮೇಜಿನ ಮೇಲೆ ಹೊಸ ಹಾಳೆಯೊಂದನ್ನು ಹರಡಿದಳು. ಬರುವ ವರ್ಷ ಮಸೂದೆಯನ್ನು ಮತ್ತೆ ತರಬೇಕು, ಶನಿವಾರದಿಂದಲೇ ಮನೆಮನೆಗೆ ಹೋಗಬೇಕು, ಯಾರು ಯಾರು ಬರುತ್ತೀರೋ ಹೆಸರು ವಿಳಾಸ ಬರೆಯಿರಿ ಎಂದಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಎಲ್ಲರಿಗಿಂತ ಮೊದಲು ಬಂದು ಪೆನ್ನು ಎತ್ತಿಕೊಂಡಳು. ಲೊರೇನ್. ಗಂಡನ ಪ್ರತಿಯೊಂದು ಚುನಾವಣೆಯ ಫೋಟೋದಲ್ಲೂ ಅವನ ಪಕ್ಕದಲ್ಲಿ ನಕ್ಕವಳು. ಹೆಸರು ಬರೆದಳು, ಅದರ ಕೆಳಗೆ ಸೆನೆಟರನದೇ ಮನೆಯ ವಿಳಾಸ ಬರೆದಳು.

ಹೊರಗೆ ಬಂದ ವೆಂಡೆಲ್ ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. ಅವನ ದನಿ ಇಳಿದಿತ್ತು.

“ಇದನ್ನ ಇಡೀ ಜಿಲ್ಲೆ ನೋಡುತ್ತೆ, ಲೊರೇನ್.”

“ನೋಡ್ಲಿ ಅಂತಾನೇ ದಪ್ಪಕ್ಷರದಲ್ಲಿ ಬರೆದಿರೋದು,” ಎಂದು ಅವಳು ಪೆನ್ನನ್ನು ಮುಂದಿನವರ ಕೈಗೆ ಕೊಟ್ಟಳು.