ಅರ್ಕಾವತ್ತು

ಬೆಳಗ್ಗೆಯಿಂದ ನಾಲ್ಕನೇ ಸಲ ಕಂಪ್ಯೂಟರ್ ಪರದೆಯೆಲ್ಲ ನೀಲಿ ಮಾಡಿಕೊಂಡು ನಿಂತುಬಿಟ್ಟಿತು. ರಿಪೇರಿಯವನು ಕೈಚೆಲ್ಲಿದ.

"ಅಕ್ಕಾ, ಡಿಸ್ಕ್ ಹೋಗ್ತಾ ಇದೆ. ಹೊಸ ಡಿಸ್ಕ್ ಹಾಕಿದ್ರೂ ಈ ಹಳೇ ಆಪರೇಟಿಂಗ್ ಸಿಸ್ಟಮ್ ಸಿಗಲ್ಲ, ಮಾಡಿದವರೇ ಕೈಬಿಟ್ಟಿದ್ದಾರೆ. ಹೊಸ ಸಿಸ್ಟಮ್ ಹಾಕ್ಲಾ ಹೇಳಿ. ಇವತ್ತು ಹೇಗೋ ಏಳ್ತಿದೆ. ನಾಳೆ ಎದ್ದಿಲ್ಲ ಅಂದ್ರೆ ನನ್ನ ಬೈಬೇಡಿ."

ಅಂಗಡಿ ನಡೆಸುತ್ತಿದ್ದ ಅಕ್ಕ ಬಾಗಿಲ ಪಕ್ಕದ ಬೆತ್ತದ ಕುರ್ಚಿಯ ಕಡೆ ನೋಡಿದಳು. ಅಲ್ಲಿ ಪ್ರೂಫ್ ಅಜ್ಜ ಕೂತಿದ್ದರು. ನಲವತ್ತು ವರ್ಷ ಮುದ್ರಣಾಲಯದಲ್ಲಿ ಊರವರ ತಪ್ಪುಗಳನ್ನೆಲ್ಲ ತಿದ್ದಿ ನಿವೃತ್ತರಾದವರು. ಆಮೇಲಾದರೂ ಸುಮ್ಮನೆ ಕೂತರೇ? ಕುಲುಮೆ, ದರ್ಜಿ ಅಂಗಡಿ, ಗ್ಯಾರೇಜು ಅಂತ ಅಲೆದು, ಕೆಲಸಗಾರರ ಬಾಯಲ್ಲಷ್ಟೇ ಉಳಿದಿದ್ದ ಮೂವತ್ತು ಸಾವಿರ ಪದಗಳನ್ನು ಒಂದು ನಿಘಂಟಿಗೆಂದು ಕಲೆಹಾಕಿದರು. ಅವರು ಚೀಟಿಯಲ್ಲಿ ಬರೆದು ತಂದರೆ, ಈ ಪುಟ್ಟ ಟೈಪಿಂಗ್ ಅಂಗಡಿಯಲ್ಲಿ ಕೂತು ಅಕ್ಕ ಹನ್ನೊಂದು ವರ್ಷ ಟೈಪ್ ಮಾಡಿದ್ದಳು. ಕೊನೆಯ ಪದ ಮುಗಿದ ವರ್ಷವೇ ಅಜ್ಜನ ಎರಡೂ ಕಣ್ಣು ಹೋದವು. ಕಾಣದಿದ್ದರೂ ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಮಾತ್ರ ಹಾಗೇ ಇತ್ತು.

ಹೊಸ ಸಿಸ್ಟಮ್ ಹಾಕಿದರೆ ಅವಳ ಹಳೇ ಟೈಪಿಂಗ್ ತಂತ್ರಾಂಶ ನಡೆಯುವುದಿಲ್ಲ. ಎಲ್ಲವನ್ನೂ ಹೊಸ ಬಗೆಯ ಅಕ್ಷರಕ್ಕೆ ಬದಲಾಯಿಸಬೇಕು. ಮಾದರಿಗೆಂದು ರಿಪೇರಿಯವನು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪುಟ ಬದಲಾಯಿಸಿ, ಪ್ರಿಂಟ್ ತೆಗೆದು ಕೈಗಿತ್ತ. ಅಕ್ಕ ಓದಿ ನೋಡಿದಳು. ಬಾಯಲ್ಲಿ ಮೊದಲು ಬಂದು ಬರವಣಿಗೆಯಲ್ಲಿ ಹಿಂದೆ ಹೋಗಿ ಕೂರುವ ಅರ್ಕಾವತ್ತು, ಯಂತ್ರದ ತಲೆಗೆ ಹತ್ತಿರಲಿಲ್ಲ. ವರ್ಷ ಹೋಗಿ 'ವಷರ್' ಆಗಿತ್ತು, ಮಾರ್ಗ 'ಮಾಗರ್' ಆಗಿತ್ತು. ಪ್ರತಿಯೊಂದು ಪದದ ಮುಂದೆಯೂ 'ಅರ್ಥ' ಎಂದು ಇರಬೇಕಾದಲ್ಲಿ 'ಅಥರ್' ಎಂದಿತ್ತು. ನಿಘಂಟಿನಲ್ಲಿ ಎಲ್ಲವೂ ಇತ್ತು, ಅರ್ಥ ಒಂದು ಬಿಟ್ಟು.

"ಅಷ್ಟೇ ತಾನೇ? ಕೊನೇಲಿರೋ ರ್ ಎಲ್ಲಾ ಒಂದೇ ಏಟಿಗೆ ಒಂದಕ್ಷರ ಹಿಂದಕ್ಕೆ ಹಾಕಿಸ್ತೀನಿ ಬಿಡಿ," ಎಂದ ರಿಪೇರಿಯವನು. ಹಾಕಿಸಿದ. ಅರ್ಥ ಸರಿಯಾಯಿತು. ಆದರೆ ಟೈಲರ್ 'ಟೈರ್ಲ' ಆದ, ಕಾಲರ್ 'ಕಾರ್ಲ' ಆಯಿತು, ಡ್ರೈವರ್ ಯಾರೂ ಗುರುತು ಹಿಡಿಯದ ಹಾಗೆ 'ಡ್ರೈರ್ವ' ಆಗಿ ಕೂತ. ಬೇರೆ ಹೊತ್ತಿನಲ್ಲಾಗಿದ್ದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಒಂದೊಂದನ್ನೂ ಕಣ್ಣಲ್ಲಿ ನೋಡಿ ತಿದ್ದಬೇಕು ಹಾಗಾದ್ರೆ," ಎಂದ ಅವನು. "ನೀವು ಟೈಪ್ ಮಾಡಿದ ಆ ಚೀಟಿಗಳಿವೆಯಲ್ಲ, ಅವನ್ನ ಇಟ್ಕೊಂಡು..."

ಚೀಟಿಗಳೆಲ್ಲಿವೆ? ಕೊನೆಯ ಪ್ರೂಫ್ ಆದ ಮೇಲೂ ಹಸ್ತಪ್ರತಿ ಇಟ್ಟುಕೊಳ್ಳುವುದೆಂದರೆ ಅಕ್ಷರ ಜೋಡಿಸಿದವರನ್ನು ನಂಬದ ಹಾಗೆ ಎಂಬುದು ಅಜ್ಜನ ಮುದ್ರಣಾಲಯದ ಶಿಸ್ತು. ಒಂದೊಂದು ಕಟ್ಟು ಮುಗಿದಾಗಲೂ ಪ್ರೂಫಿನ ಜೊತೆ ಚೀಟಿಗಳನ್ನೂ ಅವರೇ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ್ದರು. ಅಕ್ಕನಿಗೆ ಆಗೆಲ್ಲ ಎಷ್ಟು ಹೆಮ್ಮೆಯಾಗುತ್ತಿತ್ತೆಂದರೆ, ಒಂದು ದಿನವೂ ತಡೆಯಲಿಲ್ಲ.

ಮಾದರಿ ಪುಟದ ನಡುವೆ ಒಂದು ಪದದ ಹತ್ತಿರ ಅವಳ ಬೆರಳು ನಿಂತಿತು. ಇದು ಅವಳಿಗೂ ಗೊತ್ತಿಲ್ಲದ ಪದ. ಹಳೇ ಕಂಪ್ಯೂಟರಿನಲ್ಲಿ ಆ ಪುಟ ತೆರೆದು ನೋಡಹೋದರೆ ಪರದೆ ಮತ್ತೆ ನೀಲಿಯಾಯಿತು.

"ಅಜ್ಜಾ, ಕಾದ ಕಬ್ಬಿಣ ಏಟು ಬೀಳೋಕೆ ಮುಂಚೆ ಬಣ್ಣ ತಿರುಗೋ ಗಳಿಗೆಗೆ ಏನಂತಾರೆ? ಗುಮರ್ ಅಂತಾರಾ, ಗುರ್ಮ ಅಂತಾರಾ?"

ಅಜ್ಜ ತುಟಿ ಅಲ್ಲಾಡಿಸಿದರು. ಎರಡನ್ನೂ ಮೆಲ್ಲಗೆ ಹೇಳಿ ನೋಡಿಕೊಂಡರು. ಮತ್ತೆ ಹೇಳಿಕೊಂಡರು. ಆಮೇಲೆ ಅವರ ಮುಖ ಇಳಿದುಹೋಯಿತು.

"ಅದನ್ನ ಹೇಳಿದ್ದು ಒಬ್ಬನೇ ಕಮ್ಮಾರ ಕಣಮ್ಮಾ. ಅವನು ಹೋಗಿ ಎಷ್ಟೋ ವರ್ಷ ಆಯ್ತು. ಕುಲುಮೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ." ಅಕ್ಕನ ದನಿಯ ಕಡೆ ತಿರುಗಿ ಕೇಳಿದರು. "ಯಾಕೆ, ಅಲ್ಲಿ ಏನಂತ ಇದೆ?"

ಅಕ್ಕ ಎಲ್ಲವನ್ನೂ ಹೇಳಿಬಿಟ್ಟಳು. ಹಳೆಯದನ್ನೇ ಇಟ್ಟುಕೊಂಡರೆ ಒಂದು ದಿನ ಏಳುವುದೇ ಇಲ್ಲ. ಹೀಗೆ ಮತ್ತೆ ಮತ್ತೆ ನಿಲ್ಲುವ ಯಂತ್ರದಲ್ಲಿ ಸಾವಿರ ಪುಟ ಪ್ರಿಂಟ್ ತೆಗೆಯುವ ಹಾಗೂ ಇಲ್ಲ. ಹೊಸದಕ್ಕೆ ಹೋದರೆ ಇಂಥ ಪದಗಳಲ್ಲಿ ಸರಿ ಯಾವುದು, ತಪ್ಪು ಯಾವುದು ಎಂದು ಹೇಳುವವರು ಯಾರೂ ಉಳಿದಿಲ್ಲ.

"ಹಾಕಿಸು ಹೊಸದನ್ನೇ," ಎಂದರು ಅಜ್ಜ. "ಪೂರ್ತಿ ಹೋಗೋದಕ್ಕಿಂತ ತಪ್ಪಾಗಿಯಾದ್ರೂ ಇರಲಿ. ತಪ್ಪಿದ್ರೆ ತಿದ್ದೋಣ. ನಲವತ್ತು ವರ್ಷ ನಾನು ಇನ್ನೇನು ಮಾಡಿದ್ದೀನಿ?"

ರಿಪೇರಿಯವನು ಬ್ಯಾಗಿನಿಂದ ಹೊಸ ಡಿಸ್ಕ್ ತೆಗೆದ. ಅಜ್ಜ ಜೇಬಿನಿಂದ ಕೆಂಪು ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮಾದರಿ ಪುಟವನ್ನು ತೊಡೆಯ ಮೇಲೆ ಹರಡಿಕೊಂಡರು.

"ಎಲ್ಲಿದೆ ಆ ಕಮ್ಮಾರನ ಪದ? ನನ್ನ ಬೆರಳು ಅಲ್ಲಿಡು."

ಅವಳು ಇಟ್ಟಳು. ಬೆರಳು ಸಾಲಿನ ಗುಂಟ ಸರಿದು ಕಾಗದದ ಅಂಚಿಗೆ ಬಂತು. ಗೊತ್ತಾಗದ ಪದ ಕಂಡರೆ ಲೇಖಕರನ್ನು ಕೇಳಲೆಂದು ಪ್ರೂಫಿನಲ್ಲಿ ಹಾಕುವ ಪ್ರಶ್ನೆ ಚಿಹ್ನೆಯನ್ನು ಅಜ್ಜ ಅಲ್ಲಿ ದುಂಡಗೆ ಬರೆದು, ಸುತ್ತ ಒಂದು ಸೊನ್ನೆ ಸುತ್ತಿದರು.

"ಸರಿಯಾಗಿ ಬಿತ್ತಾ?"

ಪೆನ್ನಿನ ಶಾಯಿ ಯಾವತ್ತೋ ಒಣಗಿತ್ತು. ಅಂಚು ಬೆಳ್ಳಗೆ ಹಾಗೇ ಇತ್ತು.

"ಬಿತ್ತು ಅಜ್ಜಾ."

"ಹಾಗಾದ್ರೆ ಮುಂದಿನ ಪುಟ ಕೊಡು," ಎಂದು ಅಜ್ಜ ಕೈ ಚಾಚಿದರು.